ಆಷಾಢ ನಮ್ಮದು, ಕಕ್ಕಡ ಅವರದು

ನೋಟಿಸು ಬಂದಾಗ ನಾನು ಏಳು ತಿಂಗಳ ಬಸುರಿ. ಮಡಿಕೇರಿಯ ವಕೀಲರ ಕೈಯಲ್ಲಿ ಬರೆಸಿ ಅಂಚೆಯಲ್ಲಿ ಕಳಿಸಿದ್ದರು. ಕಳಿಸಿದವರು ದೂರದವರೇನಲ್ಲ, ಮುಂದಿನ ಮನೆಯಲ್ಲೇ ಇದ್ದ, ನಮಗೆ ಬಾಡಿಗೆಗೆ ಕೊಟ್ಟ ಯಜಮಾನರು. ಅವರು ಜಗಲಿಯಲ್ಲಿ ಕೆಮ್ಮಿದರೆ ನಮ್ಮ ಅಡುಗೆಮನೆಗೆ ಕೇಳುತ್ತಿತ್ತು. ಅಷ್ಟು ಹತ್ತಿರದ ಮಾತು ನಾಪೋಕ್ಲಿನಿಂದ ಮಡಿಕೇರಿಗೆ ಹೋಗಿ, ಅಂಚೆಚೀಲ ಹತ್ತಿ, ತಿರುಗಿ ನಾಪೋಕ್ಲಿಗೆ ಬಂದಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು. ಬಾಯಿ ಇರಲಿಲ್ಲವೇ ಆ ಮನುಷ್ಯನಿಗೆ?

ಕಕ್ಕಡ ತಿಂಗಳು ಹುಟ್ಟುವ ಮೊದಲು ಹಿಂದಿನ ಎರಡು ಕೋಣೆ ಖಾಲಿ ಮಾಡಿ ಕೊಡತಕ್ಕದ್ದು ಎಂದು ಅದರಲ್ಲಿತ್ತು. ನನ್ನ ಗಂಡ ಅದನ್ನು ಓದಿ ಹೇಳಿ, ಮಡಿಸಿ, ಮತ್ತೆ ಬಿಚ್ಚಿ ಓದಿದರು. ಅವರು ಪೇಟೆಯ ಬಟ್ಟೆ ಅಂಗಡಿಯ ಜಗಲಿಯಲ್ಲಿ ಮಿಷನ್ನು ಇಟ್ಟುಕೊಂಡು ಹೊಲಿಯುತ್ತಿದ್ದರು. ಜೋರಾಗಿ ಮಾತಾಡಿ ಗೊತ್ತಿದ್ದವರಲ್ಲ. ನಾವು ಹಾಸನ ಕಡೆಯವರು. ಆಗ ಕೊಡಗು ಬೇರೆಯೇ ರಾಜ್ಯ, ಕುಶಾಲನಗರದ ಸೇತುವೆ ದಾಟಿದರೆ ನಮ್ಮ ಮೈಸೂರು ರಾಜ್ಯ. ಮನೆಯಲ್ಲಿ ಗಂಡ, ಅತ್ತೆ, ನಾನು, ಮೂರೇ ಜನ. ಹೊಟ್ಟೆಯಲ್ಲಿದ್ದುದನ್ನು ಸೇರಿಸಿ ನಾಲ್ಕು ಎನ್ನಲು ನನಗೆ ಧೈರ್ಯ ಬರುತ್ತಿರಲಿಲ್ಲ.

ಯಾಕೆಂದರೆ ಮೊದಲನೆಯದು ಉಳಿಯಲಿಲ್ಲ. ಚೊಚ್ಚಲು ತವರಲ್ಲೇ ಆಗಬೇಕೆಂದು ಅತ್ತೆಯ ಜೊತೆ ಹೊರಟಿದ್ದೆ. ಸುಂಟಿಕೊಪ್ಪ ದಾಟಿದ ಮೇಲೆ ಬಸ್ಸು ಕೆಟ್ಟು ನಿಂತಿತು. ಯಾರದೋ ಎತ್ತಿನ ಗಾಡಿ ಸಿಕ್ಕಿತು. ಗುಡ್ಡೆಹೊಸೂರಿನ ಹತ್ತಿರ, ಹುಲ್ಲು ಹಾಸಿದ ಆ ಗಾಡಿಯಲ್ಲೇ ಹೆತ್ತೆ. ಹೆಣ್ಣು. ಅಳಲಿಲ್ಲ. ಅತ್ತೆ ಬೆನ್ನು ತಟ್ಟಿದರು, ಕಾಲು ಹಿಡಿದು ತಲೆಕೆಳಗು ಮಾಡಿದರು, ಬಾಯಿಗೆ ಬಾಯಿಟ್ಟು ಊದಿದರು. ಗಾಡಿಯ ಕೀಲು ಕಿರುಗುಟ್ಟುತ್ತಿದ್ದುದು ಬಿಟ್ಟರೆ ಇನ್ನಾವ ಸದ್ದೂ ಇರಲಿಲ್ಲ. ಆವತ್ತೇ ಆಣೆ ಹಾಕಿಕೊಂಡೆ, ಇನ್ನೊಂದು ನಿಂತರೆ ಅದನ್ನು ಹೊತ್ತುಕೊಂಡು ದಾರಿಗೆ ಇಳಿಯುವುದಿಲ್ಲ, ಇದ್ದ ಮನೆಯಲ್ಲೇ ಹೆರುತ್ತೇನೆ ಎಂದು. ಈಗ ನೋಡಿದರೆ ಆ ಮನೆಯೇ ಇಲ್ಲವೆನ್ನುತ್ತಿದ್ದಾರೆ.

ಗಂಡ ಮನೆ ಹುಡುಕದೆ ಕೂರಲಿಲ್ಲ, ಪಾಪ. ಪೇಟೆಯೊಳಗೆ ಕೇಳಿದರು, ವಿರಾಜಪೇಟೆ ಕಡೆ ಬಿಟ್ಟಂಗಾಲದವರೆಗೆ ಹೋಗಿ ಬಂದರು. ಎಲ್ಲ ಕಡೆಯೂ ಮೊದಲು ಮನೆ ತೋರಿಸುವುದು, ಆಮೇಲೆ ಹೆಂಡತಿಗೆ ಎಷ್ಟು ತಿಂಗಳು ಎಂದು ಕೇಳುವುದು, ಆಮೇಲೆ, "ಬಾಣಂತನ ಮುಗಿಸ್ಕೊಂಡು ಬನ್ನಿ ಟೈಲರೇ, ಕಕ್ಕಡ ಕಳೀಲಿ" ಎನ್ನುವುದು. ಬಾಡಿಗೆಯವರ ಹೆರಿಗೆಯ ಮೈಲಿಗೆ ಯಾರಿಗೆ ಬೇಕಾಗಿತ್ತು? ಮೇಲಾಗಿ ಕಕ್ಕಡವೆಂದರೆ ಕೊಡಗಿನವರಿಗೆ ಜಡಿಮಳೆಯ ತಿಂಗಳು. ಆ ತಿಂಗಳಲ್ಲಿ ಒಳ್ಳೆಯ ಕೆಲಸ ಯಾವುದನ್ನೂ ಶುರುಮಾಡುವುದಿಲ್ಲ, ಹೊಸದಾಗಿ ಒಲೆ ಹೂಡುವುದಿಲ್ಲ.

ಒಂದು ದಿನ ಯಜಮಾನರ ಹೆಂಡತಿ ಬಂದರು. ಅವರನ್ನು ನಾನು ಅಕ್ಕ ಎನ್ನುತ್ತಿದ್ದೆ. ಬಾಗಿಲ ಚೌಕಟ್ಟು ಹಿಡಿದು ನಿಂತರೇ ಹೊರತು ಒಳಗೆ ಬರಲಿಲ್ಲ.

"ನೋಡು ಮಾರಾಯ್ತಿ, ಈ ಕೋಣೆ ನಾವು ಬಾಡಿಗೆಗೆ ಅಂತ ಕಟ್ಟಿದ್ದಲ್ಲ. ಮನೆ ಒಳಗೆ ಹಿರಿಯರ ದೀಪ ಉಂಟು, ಅಲ್ಲಿ ಹೆರಿಗೆ ಮಾಡ್ಲಿಕ್ಕಿಲ್ಲ. ನನ್ನ ಮಕ್ಕಳೆಲ್ಲ ಹುಟ್ಟಿದ್ದು ಇಲ್ಲೇ. ಈಗ ಮಗಳು ಹೆರಿಗೆಗೆ ಕರಿಕೆಯಿಂದ ಬರ್ಬೇಕು. ಮಳೆ ಜೋರಾದ್ರೆ ಆ ಕಾಡುದಾರಿ ಬಂದ್ ಆಗ್ತದೆ."

"ನಿಮ್ಮ ಮಗಳದ್ದು ಹೊಟ್ಟೆ, ನಂದೇನು ಕುಂಬಳಕಾಯಿಯಾ ಅಕ್ಕ?" ಎಂದೆ.

"ನಿಂಗೂ ತವರು ಉಂಟಲ್ಲ?"

"ಉಂಟು. ಆ ದಾರೀಲಿ ಒಂದು ಮಗೂನ ಮಣ್ಣು ಮಾಡಿದೀನಿ. ಇನ್ನೊಂದು ಮಾಡಕ್ಕೆ ನನ್ನ ಕೈಲಿ ಆಗಲ್ಲ."

ಅವರ ಮುಖ ಸಣ್ಣದಾಯಿತು. ಚೌಕಟ್ಟಿನಿಂದ ಕೈ ತೆಗೆದು ತಿರುಗಿ ಹೋದರು. ಮಾರನೆಯ ದಿನದಿಂದ ಅವರ ಮನೆಯವರು ಯಾರೂ ನಮ್ಮೊಡನೆ ಮಾತಾಡಲಿಲ್ಲ. ಬಾವಿಯ ಹಗ್ಗ ಒಳಗೆ ಹೋಯಿತು. ಅತ್ತೆ ಸೂರಿನ ಕೆಳಗೆ ಕೊಳಗ, ಪಾತ್ರೆ, ಮರಿಗೆ ಎಲ್ಲ ಸಾಲಾಗಿಟ್ಟು, ಆ ಮನೆಗೆ ಕೇಳುವ ಹಾಗೆ, "ಮೇಲಿರೋನು ಹಗ್ಗ ಇಲ್ದೇನೆ ಬುಡ್ತಾವ್ನೆ ಕಣವ್ವ ನೀರ" ಎಂದರು.

ನನ್ನ ಅತ್ತೆಯೆಂದರೆ ಸಾಮಾನ್ಯ ಹೆಂಗಸಲ್ಲ. ಅಕ್ಷರ ಗೊತ್ತಿರಲಿಲ್ಲ, ಆದರೆ ವಕೀಲರ ನೋಟಿಸಿಗೆ ಉತ್ತರ ಹುಡುಕಿದವರು ಅವರೇ. ನಾವು ತಿಂಗಳನ್ನು ಎಣಿಸುವುದು ಅಮಾವಾಸ್ಯೆಯಿಂದ, ಕೊಡಗಿನವರು ಎಣಿಸುವುದು ಸಂಕ್ರಮಣದಿಂದ. ಕಕ್ಕಡ ಹುಟ್ಟುವ ಮೊದಲೇ ನಮಗೆ ಆಷಾಢ ಬಂದು ಕೂತಿತ್ತು.

"ಆಷಾಢದಾಗೆ ನಾವು ಮನೆ ಬದಲಾಯ್ಸಂಗಿಲ್ಲ. ಆಷಾಢ ಕಳೆಯೋ ಹೊತ್ಗೆ ಅವರ ಕಕ್ಕಡ ಹುಟ್ಟಿರ್ತದೆ. ಕಕ್ಕಡದಾಗೆ ಅವರು ಇಲ್ಲಿ ಒಲೆ ಹೂಡಂಗಿಲ್ಲ. ಅಷ್ಟೊತ್ಗೆ ನೀನು ಹೆತ್ತು ಕೂತಿರ್ತೀಯ. ಬಾಣಂತೀನ ಎತ್ತಿ ಆಚೆಗಾಕೋ ಗಂಡಸು ಇನ್ನೂ ಹುಟ್ಟಿಲ್ಲ ಬುಡು."

ಲೆಕ್ಕವೇನೋ ಸರಿಯಾಗಿತ್ತು. ಆದರೆ ಸಂಕ್ರಮಣದ ದಿನವೊಂದನ್ನು ದಾಟಬೇಕಾಗಿತ್ತು. ಆ ದಿನ ಸೂರ್ಯ ಮುಳುಗುವವರೆಗೆ ಯಜಮಾನರಿಗೆ ನಮ್ಮನ್ನು ಹೊರಗೆ ಹಾಕುವ ಅವಕಾಶವಿತ್ತು. ಆ ದಿನ ಹತ್ತಿರ ಬಂದಂತೆ ನನಗೆ ಅನ್ನ ಸೇರಲಿಲ್ಲ. ಜಗಲಿಯಲ್ಲಿ ಅವರು ಕೆಮ್ಮಿದರೆ ಹೊಟ್ಟೆ ಗಟ್ಟಿಯಾಗುತ್ತಿತ್ತು. ನೋವು ಈಗಲೇ ಶುರುವಾಗಿಬಿಡಲಿ ದೇವರೇ ಎಂದು ಒಂದು ಗಳಿಗೆ, ಅಯ್ಯೋ ಬೇಡ, ಇನ್ನೂ ಬಲಿತಿಲ್ಲ ಎಂದು ಇನ್ನೊಂದು ಗಳಿಗೆ. ಗಂಡ ಪೊಲೀಸು, ಕೋರ್ಟು ಎಂದು ಬೆವರುತ್ತಿದ್ದರು. "ಹೆರೋಳು ನಾನು, ನೀವ್ಯಾಕೆ ತಿಣುಕ್ತೀರಿ?" ಎಂದು ಅವರ ಮೇಲೆ ರೇಗಿದೆ.

ಸಂಕ್ರಮಣದ ದಿನ ಮಳೆ ಬೆಳಗಿನಿಂದ ಬಿಟ್ಟಿರಲಿಲ್ಲ. ಮಧ್ಯಾಹ್ನದ ಊಟ ಆಗುತ್ತಿದ್ದಂತೆ ಯಜಮಾನರು ಗಂಬೂಟು ಹಾಕಿಕೊಂಡು, ಉಂಗುರದ ಕೈಯಲ್ಲಿ ಕೊಡೆ ಹಿಡಿದು ಬಂದರು. ಹಿಂದೆ ಅವರ ತೋಟದ ಆಳುಗಳಿಬ್ಬರು, ಮಳೆಗೆ ತಲೆಯ ಮೇಲೆ ಎಲೆಯ ಗೊರಬೆ.

"ಟೈಲರೇ, ಇವತ್ತು ಗಡುವು. ಮಗಳು ಕರಿಕೆಯಿಂದ ಹೊರಟಾಗಿದೆ. ಸಾಮಾನು ತೆಗೀರಿ, ಇಲ್ದಿದ್ರೆ ಇವರು ತೆಗೀತಾರೆ."

ಗಂಡ ಕೊರಳಲ್ಲಿದ್ದ ಟೇಪನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ನಿಂತರು. ಅತ್ತೆ ಒಲೆಯ ಮುಂದೆ ಕೂತಿದ್ದವರು ಕೂತಲ್ಲಿಂದಲೇ ಹೇಳಿದರು, "ಆಷಾಢದಾಗೆ ನಾವು ಹೊಸ್ತಿಲು ದಾಟಂಗಿಲ್ಲ ಯಜಮಾನ್ರೇ."

"ನಿಮ್ಮ ಆಷಾಢ ನಿಮ್ಮ ಊರಲ್ಲಿ ಇಟ್ಕೊಳ್ಳಿ. ಇದು ನನ್ನ ಮನೆ. ಇವತ್ತು ಹೊತ್ತು ಮುಳುಗಿದ್ರೆ ನಂಗೆ ಕಕ್ಕಡ."

ಆಳುಗಳು ಒಳಗೆ ಬಂದರು. ಮೊದಲು ಟ್ರಂಕು ಹೋಯಿತು. ಆಮೇಲೆ ಅಕ್ಕಿಯ ಡಬ್ಬ, ಚಾಪೆಗಳು, ಮಗುವಿಗೆಂದು ನಾನು ಹಳೆ ಸೀರೆ ಹರಿದು ಮಡಿಸಿಟ್ಟಿದ್ದ ಬಟ್ಟೆಯ ಗಂಟು. ಅದನ್ನು ಎತ್ತಿದಾಗ ನನಗೆ ತಡೆಯಲಾಗಲಿಲ್ಲ, ಕಿತ್ತುಕೊಂಡೆ. ಮಿಕ್ಕವೆಲ್ಲ ಜಗಲಿಯ ಅಂಚಿಗೆ, ಇರಚಲು ಹೊಡೆಯುವಲ್ಲಿಗೆ ಹೋಗಿ ಕೂತವು. ಕೊನೆಗೆ ಉಳಿದದ್ದು ಒಲೆ. ಅದರ ಮೇಲೆ ಹಂಡೆಯಲ್ಲಿ ನೀರು ಮರಳುತ್ತಿತ್ತು. ಅತ್ತೆ ಇನ್ನೂ ಎರಡು ಕೊಳ್ಳಿ ಒಳಗೆ ತಳ್ಳಿದರು. ಆಳುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇನ್ನೊಬ್ಬರ ಮನೆಯ ಉರಿಯುವ ಒಲೆಗೆ ನೀರು ಹಾಕುವುದೆಂದರೆ ಸುಮ್ಮನೆ ಅಲ್ಲ.

"ಆರಿಸ್ರೋ" ಎಂದರು ಯಜಮಾನರು.

"ನಮ್ಮ ಕೈಲಿ ಆಗ್ಲಿಕ್ಕಿಲ್ಲ ಧಣಿ" ಎಂದ ಒಬ್ಬ.

"ಹಾಗಾದ್ರೆ ನಾನೇ ಆರಿಸ್ತೇನೆ" ಎಂದು ಅವರು ಕೊಡೆ ಮಡಚಿ ಒಳಗೆ ಕಾಲಿಟ್ಟರು. ನಾನು ಹೊಟ್ಟೆ ಹಿಡಿದುಕೊಂಡು ಒಲೆಗೂ ಅವರಿಗೂ ನಡುವೆ ನಿಂತೆ. ಆ ಮನುಷ್ಯನ ಕಣ್ಣಲ್ಲೂ ನೀರಿತ್ತು, ಅದು ಸಿಟ್ಟಿನದೋ ಸಂಕಟದ್ದೋ ನನಗೆ ಗೊತ್ತಾಗಲಿಲ್ಲ.

ಅಷ್ಟರಲ್ಲಿ ಹೊರಗೆ ಅಕ್ಕ, "ಬಂದ್ಲು, ಬಂದ್ಲು" ಎಂದು ಕೂಗಿದರು.

ಜೀಪು ಭಾಗಮಂಡಲದಿಂದ ಈಚೆಗೆ ಮಾತ್ರ ಸಿಕ್ಕಿತ್ತಂತೆ. ಅಲ್ಲಿಯವರೆಗೆ ಕುರ್ಚಿಗೆ ಬೊಂಬು ಕಟ್ಟಿ ಹೊತ್ತು ತಂದಿದ್ದರಂತೆ. ಆ ಹುಡುಗಿ ಅಂಗಳದಲ್ಲಿ ಗಂಡನ ತೋಳು ಹಿಡಿದು ನಿಂತಿದ್ದಳು. ಸೀರೆ ಮೈಗೆ ಅಂಟಿಕೊಂಡಿತ್ತು, ಜಿಗಣೆ ಕಚ್ಚಿದ ಪಾದಗಳಿಂದ ರಕ್ತ ಇಳಿಯುತ್ತಿತ್ತು. ಅವಳು ಒಂದು ಕೈಯಿಂದ ಹೊಟ್ಟೆಯನ್ನು ಕೆಳಗಿನಿಂದ ಎತ್ತಿ ಹಿಡಿದಿದ್ದಳು. ಆ ಗಾಡಿಯಲ್ಲಿ ನಾನು ಕೂತಿದ್ದುದೂ ಹಾಗೇ. ಕುಲುಕಾಟ ಒಳಗಿನದಕ್ಕೆ ತಗಲದಿರಲಿ ಎಂದು ಹಿಡಿದುಕೊಳ್ಳುವ ರೀತಿ ಅದು.

ಅಕ್ಕ ಮಗಳನ್ನು ಮುಟ್ಟಲೂ ಹೆದರಿ ನಿಂತಿದ್ದರು. ನಾನೇ ಬಾಗಿಲಿಗೆ ಹೋಗಿ ಕೇಳಿದೆ, "ಮಗು ಆಡ್ತಾ ಇದೆಯಾ?"

ಅವಳು ಇಲ್ಲವೆಂದು ತಲೆಯಾಡಿಸಿದಳು. "ಬೆಳಗಿನಿಂದ ಗೊತ್ತಾಗ್ತಿಲ್ಲಕ್ಕ" ಎಂದು ಅತ್ತಳು.

ಯಾರ ಮನೆ, ಯಾರ ಗಡುವು, ಯಾವುದೂ ನನ್ನ ತಲೆಯಲ್ಲಿ ಉಳಿಯಲಿಲ್ಲ. "ಒಳಗೆ ಬಾರೆ, ಸುಮ್ನೆ ನಿಂತಿದೀಯಲ್ಲ" ಎಂದು ಗದರಿ ರಟ್ಟೆ ಹಿಡಿದು ಎಳೆದುಕೊಂಡೆ. ಅತ್ತೆ ಒಲೆಯ ಪಕ್ಕದ ಜಾಗ ಬಿಟ್ಟರು. ಗಂಡಸರನ್ನೆಲ್ಲ ಹೊರಗಟ್ಟಿ ಅವಳ ಒದ್ದೆ ಬಟ್ಟೆ ಬಿಡಿಸಿ ನನ್ನ ಸೀರೆ ಸುತ್ತಿದೆವು. ಬೆಲ್ಲದ ಕಾಫಿ ಬಿಸಿಬಿಸಿ ಕುಡಿಸಿದೆವು. ಅತ್ತೆ ಹಂಡೆಯ ನೀರಲ್ಲಿ ಬಟ್ಟೆ ಅದ್ದಿ ಹಿಂಡಿ ಅವಳ ಸೊಂಟಕ್ಕೆ ಒತ್ತಿದರು, ಆಮೇಲೆ ಹರಳೆಣ್ಣೆ ಸವರಿದ ಅಂಗೈಯನ್ನು ಹೊಟ್ಟೆಯ ಮೇಲಿಟ್ಟು ಕಣ್ಣು ಮುಚ್ಚಿ ಕೂತರು. ಅಕ್ಕ ಮಗಳ ಕಾಲು ಹಿಡಿದುಕೊಂಡಿದ್ದರು. ಆ ಗಾಡಿಯಲ್ಲಿ ಕಾದಂತೆಯೇ ಕಾದೆ. ಇವಳದ್ದೂ ಹಾಗಾಗದಿರಲಪ್ಪಾ ಎಂದು ಕಂಡ ದೇವರಿಗೆಲ್ಲ ಕೈಮುಗಿದೆ.

"ಒದೀತು" ಎಂದರು ಅತ್ತೆ. "ಅಜ್ಜನ ಹಂಗೆ ಸಿಟ್ಟಿಂದು, ಸರಿಯಾಗಿ ಒದೀತು."

ಅಕ್ಕ ಜೋರಾಗಿ ಅತ್ತುಬಿಟ್ಟರು. ಹೊರಗೆ ಜಗಲಿಯಲ್ಲಿ ಯಜಮಾನರು ಕೆಮ್ಮಿದರು. ಸ್ವಲ್ಪ ಹೊತ್ತಿಗೆ ಬಾಗಿಲು ಸರಿಸಿ ಯಾರೋ ಅಕ್ಕಿಯ ಡಬ್ಬವನ್ನು ಒಳಗೆ ತಳ್ಳಿದರು, ಆಮೇಲೆ ಚಾಪೆ, ಆಮೇಲೆ ಟ್ರಂಕು. ತಳ್ಳಿದ ಕೈ ಆಳುಗಳದ್ದಲ್ಲ, ಉಂಗುರವಿತ್ತು. ಹೊತ್ತು ಯಾವಾಗ ಮುಳುಗಿತೋ ಯಾರೂ ನೋಡಲಿಲ್ಲ.

ಆ ಕಕ್ಕಡವನ್ನು ನಾವು ನಾಲ್ಕು ಹೆಂಗಸರು ಎರಡು ಕೋಣೆಯಲ್ಲಿ ಕಳೆದೆವು. ಗಂಡ ಅಂಗಡಿಯ ಜಗಲಿಯಲ್ಲೇ ಮಲಗುತ್ತಿದ್ದರು. ಬಾವಿಯ ಹಗ್ಗ ತಿರುಗಿ ಬಂತು. ಮೊದಲು ಅವಳಿಗೆ ಗಂಡಾಯಿತು. ಅವಳ ಮಗುವಿಗೆ ಎರಡನೆಯ ಸ್ನಾನವೋ ಮೂರನೆಯದೋ ಆಗುವ ಹೊತ್ತಿಗೆ ನನಗೆ ನೋವು ಬಂತು. ಬೆಳಗಿನಿಂದ ಸಂಜೆಯವರೆಗೆ ಅಕ್ಕ ನನ್ನ ಬೆನ್ನ ಹಿಂದೆ ಕೂತಿದ್ದರು. ಹೆಣ್ಣು. ಭೂಮಿಗೆ ಬಿದ್ದದ್ದೇ ಹೆಂಚು ಹಾರುವ ಹಾಗೆ ಅತ್ತಿತು. "ಗಂಟಲು ಟೈಲರದ್ದಲ್ಲ, ನಿಂದೇ" ಎಂದರು ಅಕ್ಕ. ನಾನು ನಕ್ಕೆನಂತೆ, ನನಗೆ ನೆನಪಿಲ್ಲ.

ಕಕ್ಕಡ ಕಳೆಯಿತು, ಅವರ ಕೈಲ್ ಮುಹೂರ್ತದ ಹಬ್ಬವೂ ಆಯಿತು. ಯಜಮಾನರು ನೋಟಿಸಿನ ಸುದ್ದಿ ಎತ್ತಲಿಲ್ಲ. ಗಂಡನಿಗೆ ಖುಷಿಯೋ ಖುಷಿ, ಇನ್ನು ಇಲ್ಲೇ ಇರಬಹುದೆಂದು.

"ಮನೆ ನೋಡಿ" ಎಂದೆ ನಾನು.

"ಯಾಕೆ? ಈಗ ಯಾರೂ ಹೋಗಿ ಅಂತಿಲ್ವಲ್ಲ."

"ನಂಗೆ ಈ ಮನೆ ಬೇಕಾಗಿದ್ದು ಹೆರಕ್ಕೆ. ಹೆತ್ತಾಯ್ತು. ಅವರು ಕೇಳಿದಾಗ ಬಿಡಲಿಲ್ಲ, ಕೇಳದೆ ಇದ್ದಾಗಲಾದ್ರೂ ಬಿಡೋಣ."

ಕುಶಾಲನಗರದಲ್ಲಿ ನಮ್ಮ ಕಡೆಯವರ ಬೀದಿಯಲ್ಲೊಂದು ಮನೆ ಸಿಕ್ಕಿತು. ಮರ ಸಾಗಿಸುವ ಲಾರಿಯೊಂದು ಆ ಕಡೆ ಖಾಲಿ ಹೋಗುತ್ತಿತ್ತು. ಅಕ್ಕ ಮಗುವನ್ನು ಎತ್ತಿಕೊಂಡು ರಸ್ತೆಯವರೆಗೆ ಬಂದರು, ನನ್ನ ಕೈಗೆ ಕೊಡುವ ಮೊದಲು ಅದರ ನೆತ್ತಿ ಮೂಸಿದರು. ನಾನೂ ಅತ್ತೆಯೂ ಡ್ರೈವರ್ ಪಕ್ಕ ಕೂತೆವು, ಗಂಡ ಹಿಂದೆ ಸಾಮಾನಿನ ಜೊತೆ.

ಸುಂಟಿಕೊಪ್ಪದವರೆಗೆ ಮಗು ನಿದ್ದೆ ಮಾಡಿತು. ಅಲ್ಲಿಂದ ಮುಂದೆ ನನಗೆ ಕೂರಲಾಗಲಿಲ್ಲ. ಮೂಗಿನ ಹತ್ತಿರ ಬೆರಳು ಹಿಡಿದು ನೋಡುವುದು, ಎದೆಗೆ ಕಿವಿ ಇಡುವುದು. ಗುಡ್ಡೆಹೊಸೂರು ಹತ್ತಿರವಾಗುತ್ತಿದ್ದಂತೆ ಲಾರಿ ಒಂದು ಹಳ್ಳಕ್ಕೆ ಇಳಿದು ದಡಕ್ಕನೆ ಎದ್ದಿತು. ಮಗು ಎಚ್ಚರವಾಗಿ, ಮುಖ ಕೆಂಪಗೆ ಮಾಡಿಕೊಂಡು ಕಿರುಚಲು ಶುರುಮಾಡಿತು. ಡ್ರೈವರ್ ತಿರುಗಿ ನೋಡಿದ. ಹಾಲು ಕೊಟ್ಟು ಸುಮ್ಮನಿರಿಸಲೆಂದು ನಾನು ಸೆರಗು ಸರಿಸಿದೆ.

ಅತ್ತೆ ನನ್ನ ಕೈ ಹಿಡಿದುಕೊಂಡರು. ಅವರು ಹೊರಗೆ ರಸ್ತೆಯನ್ನೇ ನೋಡುತ್ತಿದ್ದರು.

"ತಡಿ ಕಣವ್ವ" ಎಂದರು. "ಈ ಜಾಗ ದಾಟಾಗಂಟ ಅಳ್ಲಿ."