ಕತ್ತಿಗೆ ಹತ್ತುವ ಕೆಂಪು

ಅಥವಾ ಕಾರು ವಾಲಿದ್ದು ಬಲಕ್ಕೇ ಇರಬಹುದು. ಎಡಕ್ಕೆ ಎಂದು ಎರಡು ವರ್ಷದಿಂದ ಹೇಳುತ್ತ ಬಂದಿದ್ದೇನೆ. ಹೇಳಿ ಹೇಳಿ ಅದು ನೆನಪಿನ ಹಾಗೆ ಕಾಣುತ್ತಿದೆ, ಅಷ್ಟೆ. ಖಚಿತವಾಗಿ ಗೊತ್ತಿರುವುದು ಇಷ್ಟು: ಅಪ್ಪನ ಕಾಲದ ಎರಡು ಸೀಟಿನ ಸ್ಪೋರ್ಟ್ಸ್ ಕಾರನ್ನು ಅಣ್ಣ ಕೆರೆಕಟ್ಟೆ ಎಂಬ ಊರಿಗೆ ಒಯ್ದ. ವಾಪಸು ತಂದಾಗ ಅದರ ಹಿಂಭಾಗ ಒಂದು ಕಡೆ ಕುಸಿದಿತ್ತು. ಹೊಂಡಕ್ಕೆ ಹಾರಿಸಿದ್ದೀಯ ಎಂದೆ. ಇಲ್ಲ ಎಂದ. ಅಂದಿನಿಂದ ಕೀಲಿಯನ್ನು ಅವನಿಗೆ ಕೊಟ್ಟಿರಲಿಲ್ಲ. ತಾನಿರುವ ನರಸಿಂಹರಾಜಪುರದಿಂದ ಭಂಡಿಗಡಿಯ ನಮ್ಮ ಮನೆಗೆ ಬಂದರೂ ಅವನು ಕಾರಿನ ಶೆಡ್ಡಿನ ಕಡೆ ತಿರುಗುತ್ತಿರಲಿಲ್ಲ.

ಈ ವರ್ಷ ಕಾರನ್ನು ಪಿಕಪ್ಪಿಗೆ ಹೇರಿ ಕೊಪ್ಪದ ಒಂದು ವೆಲ್ಡಿಂಗ್ ಅಂಗಡಿಗೆ ತಂದೆ. ಅಡಿಕೆ ಸುಲಿಯುವ ಯಂತ್ರ, ಜೀಪಿನ ಚಾಸಿ ಬೆಸೆಯುವ ಅಂಗಡಿ ಅದು. ಅಣ್ಣನಿಗೆ ಫೋನ್ ಮಾಡಿ, "ನೀ ಮುರಿದಿದ್ದನ್ನ ನೀನೇ ಬಂದು ನೋಡು" ಎಂದೆ. ಬಸ್ಸು ಹಿಡಿದು ಬಂದೇಬಿಟ್ಟ.

ಹಿಂದಿನ ಚಕ್ರದ ಸ್ಪ್ರಿಂಗ್ ಪ್ಲೇಟುಗಳ ತುದಿ ಚಾಸಿಗೆ ಬೋಲ್ಟಾಗುವ ಜಾಗ ಹರಿದು ಹೋಗಿತ್ತು. ಅಂಗಡಿಯವರು ತಕ್ಷಣ ಕತ್ತರಿಸಲಿಲ್ಲ. ಮುಂದಿನಿಂದ ಹಿಂದಕ್ಕೆ ಎರಡೂ ಬದಿಗೆ ದಾರ ಎಳೆದು ಅಳೆದರು, ಅಳತೆಗೆ ಗಂಟು ಹಾಕಿದರು.

"ಹಾಂಗೇ ಕೊಯ್ದ್ರೆ ಆಮೇಲೆ ಇದು ಏಡಿ ಹಾಂಗೆ ಅಡ್ಡಡ್ಡ ಓಡ್ತದೆ ಮಾರಾಯ್ರೆ."

ಆಮೇಲೆ ತಂತಿ ಬ್ರಷ್ಷಿನಿಂದ ಉಜ್ಜಿದರು. ಕಂದು ತುಕ್ಕು ಮಾತ್ರ ಬರುತ್ತದೆಂದುಕೊಂಡಿದ್ದೆ. ತಗಡಿನ ಮಡಿಕೆಯೊಳಗಿಂದ ನೀಲಿ ಪುಡಿ ಉದುರಿತು. ಪಕ್ಕದ ಕಬ್ಬಿಣದ ಮೇಲೆ ತೆಳ್ಳಗೆ ತಾಮ್ರದ ಕೆಂಪು. ಮೂವರೂ ಬಗ್ಗಿದೆವು. ಮಳೆಗಾಲಕ್ಕೆ ಮುಂಚೆ ಅಡಿಕೆಗೆ ಹೊಡೆಯಲು ಮೈಲುತುತ್ತವನ್ನು, ಅಂದರೆ ತಾಮ್ರದ ನೀಲಿ ಉಪ್ಪನ್ನು, ಸುಣ್ಣದ ಜೊತೆ ಕಲಸಿದಾಗ ಕತ್ತಿಯನ್ನು ಅದರಲ್ಲಿ ಅದ್ದಿ ನೋಡುತ್ತೇವೆ. ಕತ್ತಿಗೆ ಕೆಂಪು ಹತ್ತಿದರೆ ಸುಣ್ಣ ಇನ್ನೂ ಬೇಕು. ಎಷ್ಟು ಸಲ ಅದ್ದಿಲ್ಲ ನಾನು! ಈ ಕೆಂಪು ಅದೇ.

"ಮೈಲುತುತ್ತ ಹೇರಿದ್ರಾ ಇದ್ರಲ್ಲಿ?" ಅಂಗಡಿಯವರು ಕೇಳಿದರು. "ಕಬ್ಬಿಣ ತಿಂತದೆ ಅಂತ ಡ್ರಮ್ಮಲ್ಲೂ ಕಲ್ಸಲ್ಲ ಅದನ್ನ, ನೀವು ಕಾರಲ್ಲಿಟ್ಟಿದೀರಿ!"

ಅಣ್ಣ ಆ ಕೆಂಪನ್ನು ಬೆರಳಲ್ಲಿ ಉಜ್ಜಿದ. ನನ್ನ ಮುಖ ನೋಡಿದ.

"ಸುಣ್ಣ ಸಾಲ್ದು ಮಾರಾಯ."

ಅಂಗಡಿಯವರು ಜೋರಾಗಿ ನಕ್ಕರು. ನಾನು ಬ್ರಷ್ ತೆಗೆದುಕೊಂಡು, ಆಗಲೇ ಉಜ್ಜಿದ್ದ ಜಾಗವನ್ನೇ ಇನ್ನೊಮ್ಮೆ ಉಜ್ಜಿದೆ.

ಕಾರು ವಾಲುವುದಕ್ಕೂ ಮುಂಚೆ ಒಂದು ವರ್ಷ ಶೃಂಗೇರಿಯಿಂದ ಮೈಲುತುತ್ತದ ಚೀಲವನ್ನು ಈ ಕಾರಿನಲ್ಲೇ ತಂದಿದ್ದೆವು, ಸೀಟಿನ ಹಿಂದೆ ತುರುಕಿ. ಇಬ್ಬರೂ ಇದ್ದೆವು. ಅದರಲ್ಲಿ ಸ್ವಲ್ಪ ಅಲ್ಲೇ ಉಳಿದು ಮಳೆಗಾಲವಿಡೀ ನೆನೆದಿರಬೇಕು. ಚೀಲ ಇಳಿಸಿ ನೀಲಿಯಾದ ಒದ್ದೆ ಅಂಗೈಯೊಂದು ಕಣ್ಣಿಗೆ ಕಟ್ಟುತ್ತದೆ. ನನ್ನದೆಂದರೆ ನನ್ನದು, ಅಣ್ಣನದೆಂದರೆ ಅವನದು.

ತುಕ್ಕು ತಿಂದ ಭಾಗ ತೆಗೆದು ದಪ್ಪ ತಗಡು ಬೆಸೆದರು. ದಾರ ಮತ್ತೆ ಎಳೆದಾಗ ಗಂಟುಗಳು ತಮ್ಮ ಜಾಗಕ್ಕೇ ಬಂದವು. ಬೋಲ್ಟು ಸುತ್ತಿಗೆಯ ಏಟಿಲ್ಲದೆ ಒಳಗೆ ಹೋಯಿತು. ನಾನು ಕೀಲಿಯನ್ನು ಅಣ್ಣನತ್ತ ಚಾಚಿದೆ.

ಅವನು ಸೀಟನ್ನು ತನ್ನ ಕಾಲಿಗೆ ಸರಿಯಾಗಿ ಹಿಂದಕ್ಕೆ ಎಳೆದುಕೊಂಡ. "ಹತ್ತು. ಹೊಂಡ ಬಂದ್ರೆ ಮೊದ್ಲೇ ಹೇಳು, ಆಮೇಲೆ ಅಲ್ಲ."

ಹತ್ತಿದೆ. ಕೆರೆಕಟ್ಟೆಯ ದಾರಿಯಲ್ಲಿ ಅವನು ಹೊಂಡಕ್ಕೆ ಹಾರಿಸಿದ್ದನೋ ಇಲ್ಲವೋ, ಸೀಟಿನ ಹಿಂದೆ ಉಳಿದ ಮೈಲುತುತ್ತವನ್ನು ತೆಗೆಯದೆ ಬಿಟ್ಟವರು ಯಾರೋ, ನನಗೆ ಗೊತ್ತಿಲ್ಲ.