ಹಿಂದೆ ಸರಿಯಲು ಜಾಗ

ಜಮಖಂಡಿಯಲ್ಲಿ ನಾನು ಬ್ಯಾಂಕಿನ ಗುಮಾಸ್ತನಾಗಿದ್ದಾಗ ನನ್ನ ಬಳಿ ಒಂದು ಕ್ಯಾಮೆರಾ, ಅದಕ್ಕೆ ಒಂದೇ ಒಂದು ಲೆನ್ಸ್ ಇತ್ತು. ಐವತ್ತು ಮಿಲಿಮೀಟರಿನದು. ಕಣ್ಣಿಗೆ ಕಂಡದ್ದನ್ನು ಕಂಡ ಹಾಗೆಯೇ ತೆಗೆಯುತ್ತದೆ ಎಂದು ಪುಸ್ತಕಗಳು ಅದನ್ನು ಹೊಗಳುತ್ತವೆ. ಅರ್ಧ ಸುಳ್ಳು. ಕಣ್ಣು ಅತ್ತಿತ್ತ ಹೊರಳುತ್ತದೆ, ಲೆನ್ಸ್ ಹೊರಳುವುದಿಲ್ಲ. ದೂರದ್ದು ಹತ್ತಿರ ಬೇಕಾದರೆ ನೀವೇ ಮುಂದೆ ನಡೆಯಬೇಕು, ದೊಡ್ಡದು ಇಡಿಯಾಗಿ ಬೇಕಾದರೆ ನೀವೇ ಹಿಂದೆ ಸರಿಯಬೇಕು. ಭಾನುವಾರಗಳನ್ನೆಲ್ಲ ನಾನು ಹೀಗೆ ಹಿಂದೆ ಮುಂದೆ ನಡೆಯುವುದರಲ್ಲೇ ಕಳೆದೆ. ಬನಹಟ್ಟಿಯಲ್ಲಿ ಒಮ್ಮೆ ಮಗ್ಗದ ಮನೆಯ ಚಿತ್ರ ತೆಗೆಯಲು ಹಿಂದೆ ಸರಿಯುತ್ತ ಹೋಗಿ ನೂಲಿಗೆ ಬಣ್ಣ ಹಾಕುವ ತೊಟ್ಟಿಯಲ್ಲಿ ಕಾಲಿಟ್ಟೆ. ಬಸ್ಸಿನಲ್ಲಿ ಒಂದು ಹಸಿರು ಕಾಲು, ಒಂದು ಬಿಳಿ ಕಾಲು ಹೊತ್ತುಕೊಂಡು ಮನೆಗೆ ಬಂದೆ. ಹೆಂಡತಿ ಒಂದು ವಾರ ನಕ್ಕಳು.

ಎರಡನೆಯ ಲೆನ್ಸ್ ಬೇಕು ಎಂಬ ಆಸೆ ಅಲ್ಲಿಂದಲೇ ಶುರುವಾಗಿತ್ತು. ಆದರೆ ನನ್ನಂಥವನಿಗೆ ವರ್ಷಕ್ಕೊಂದು ಹಬ್ಬ, ಹಬ್ಬಕ್ಕೊಂದು ಬೋನಸ್ಸು. ಅದರಲ್ಲಿ ಮನೆಯವರದು ಮುಗಿದ ಮೇಲೆ ಉಳಿಯುವುದು ಒಂದು ಹಳೆಯ ಲೆನ್ಸಿಗೆ ಆಗುವಷ್ಟು. ಎರಡಕ್ಕಲ್ಲ. ಹೀಗಾಗಿ ಯಾವುದು ಎಂಬ ಪ್ರಶ್ನೆ ತಲೆಯಲ್ಲಿ ವರ್ಷಗಟ್ಟಲೆ ಗುಂಯ್‌ಗುಡುತ್ತಿತ್ತು. ಅದಕ್ಕೆ ಉತ್ತರ ಕೊಟ್ಟವಳು ನನ್ನ ಸೋದರತ್ತೆ. ಆ ಉತ್ತರ ಕೇಳಿಯೂ ನಾನು ತಪ್ಪಿದೆ.

ಅತ್ತೆಯ ಮನೆ ಬೀಳಗಿ ತಾಲೂಕಿನಲ್ಲಿ, ಅನಗವಾಡಿಯ ಆಚೆಗೆ, ಕೃಷ್ಣೆಯ ದಂಡೆಯ ಒಂದು ಊರಲ್ಲಿ. ಹೊಳೆಯ ಕೆಳಗಡೆ ಅಣೆಕಟ್ಟು ಏಳುತ್ತಿತ್ತು, ಅದರ ಹಿನ್ನೀರಿಗೆ ಆ ಊರು ಹೋಗುವುದಿತ್ತು. ಸರ್ಕಾರದವರು ಬಂದು ಮನೆಮನೆಗೆ ನಂಬರು ಬರೆದು, ಯಜಮಾನರ ಕೈಗೆ ನಂಬರಿನ ಪಾಟಿ ಕೊಟ್ಟು ಬಾಗಿಲ ಮುಂದೆ ನಿಲ್ಲಿಸಿ ಫೋಟೋ ತೆಗೆದುಕೊಂಡು ಹೋಗಿದ್ದರು. ಮಾವ ತೀರಿಹೋಗಿದ್ದರಿಂದ ಪಾಟಿ ಹಿಡಿದವಳು ಅತ್ತೆಯೇ. ಓಣಿ ಇಕ್ಕಟ್ಟು. ಫೋಟೋದವನು ಮನೆಯನ್ನು ನಾಲ್ಕು ತುಂಡು ಮಾಡಿ ತೆಗೆದಿದ್ದ. ಅತ್ತೆಗೆ ಅದರ ಮೇಲೆ ಎಲ್ಲಿಲ್ಲದ ಸಿಟ್ಟು. ನಾನು ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಹೋದ ದಿನ ಅವಳು ಚಹಾ ಕೊಡುವ ಮೊದಲೇ ವಿಷಯಕ್ಕೆ ಬಂದಳು.

"ನನಗ ತುಂಡು ತುಂಡು ಬ್ಯಾಡ. ಕಟ್ಟಿಯಿಂದ ಮಾಳಗಿತನಕ ಇಡೀ ಮನಿ ಒಂದ ಫೋಟೋದಾಗ ಬರಬೇಕು, ಹೊಸ್ತಲದಾಗ ನಾ ನಿಂತಿರಬೇಕು. ನಾಳೆ ಆ ಹೊಸ ಊರಾಗ ನಾ ಎಂಥಾ ಮನ್ಯಾಗ ಇದ್ದಾಕಿ ಅಂತ ಯಾರಿಗರೆ ತೋರಸಬೇಕಲ್ಲ."

ತೋರಿಸುವಂಥ ಮನೆಯೇ ಅದು. ಎರಡೂ ಕಡೆ ಕಲ್ಲಿನ ಕಟ್ಟೆ, ನಡುವೆ ಆನೆ ಗಾತ್ರದ ಸಾಗವಾನಿ ಬಾಗಿಲ ಚೌಕಟ್ಟು, ಅದರ ಮೇಲೆ ಗಿಳಿ, ಕಮಲ, ಬಳ್ಳಿ. ಮದುಮಗಳಾಗಿ ಬಂದಾಗ ಅತ್ತೆ ಆ ಗಿಳಿಗಳ ಲೆಕ್ಕ ಮಾಡುತ್ತ ಹೊಸ್ತಿಲ ಹೊರಗೇ ನಿಂತುಬಿಟ್ಟಿದ್ದಳಂತೆ. ಅತ್ತೆ ರೇಷ್ಮೆ ಸೀರೆ ಉಟ್ಟು ಬಂದು ನಿಂತಳು. ನಾನು ಹಿಂದೆ ಸರಿದೆ, ಇನ್ನೂ ಸರಿದೆ, ಎದುರಿನವರ ದನದ ಕೊಟ್ಟಿಗೆಯ ಗೋಡೆಗೆ ಬೆನ್ನು ತಾಗಿತು. ಕ್ಯಾಮೆರಾದ ಕಿಂಡಿಯಲ್ಲಿ ಅತ್ತೆ ಇದ್ದಳು, ಬಾಗಿಲಿನ ಮುಕ್ಕಾಲು ಭಾಗವಿತ್ತು. ಮನೆ ಇರಲಿಲ್ಲ. ಕೊಟ್ಟಿಗೆಯ ಮಣ್ಣಿನ ಮಾಳಿಗೆ ಹತ್ತಿ ನೋಡಿದೆ. ಅಲ್ಲಿಂದ ಮನೆಯೇನೋ ಬಂತು, ಅತ್ತೆ ನೆಲದ ಮೇಲಿಟ್ಟ ತಂಬಿಗೆಯಾದಳು. ಕೊನೆಗೆ ಎರಡು ಚಿತ್ರ ತೆಗೆದು, ತೊಳೆಸಿ, ಬ್ಲೇಡಿನಿಂದ ಕತ್ತರಿಸಿ ಅಂಟಿಸಿ ಒಯ್ದೆ. ಅಂಟಿಸಿದ ಗೆರೆ ಸರಿಯಾಗಿ ಬಾಗಿಲ ಚೌಕಟ್ಟಿನ ನಡುವೆ ಬಂದಿತ್ತು. ಅತ್ತೆ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಬಾಗಿಲು ಸೀಳಿದೆ ಎಂದು ಹೇಳಿ ವಾಪಸು ಕೊಟ್ಟಳು.

ಬೇಕಾದದ್ದು ಅಗಲದ ಲೆನ್ಸ್. ಇಪ್ಪತ್ತೆಂಟು ಮಿಲಿಮೀಟರಿನದು ಸಿಕ್ಕರೆ ಅದೇ ಕೊಟ್ಟಿಗೆ ಗೋಡೆಗೆ ಒರಗಿ ನಿಂತು ಇಡೀ ಮನೆ ಹಿಡಿಯಬಹುದು. ಬರುವ ದೀಪಾವಳಿಗೆ ತಂದುಬಿಡುತ್ತೇನೆ ಎಂದು ಅತ್ತೆಗೆ ಮಾತು ಕೊಟ್ಟೆ. ಅವಳು ಕ್ಯಾಲೆಂಡರು ನೋಡಿ ತಲೆಯಾಡಿಸಿದಳು.

ದೀಪಾವಳಿಯ ಹಿಂದಿನ ವಾರ ಕೊಲ್ಹಾಪುರಕ್ಕೆ ಹೋದೆ. ಅಲ್ಲಿ ಹಳೆಯ ಕ್ಯಾಮೆರಾಗಳ ಒಂದು ಸಣ್ಣ ಅಂಗಡಿ. ಮುದುಕ ಮಾಲೀಕ ಗಾಜಿನ ಮೇಲೆ ಒಂದು ಅರಿವೆ ಹಾಸಿ ಎರಡು ಲೆನ್ಸ್ ಇಟ್ಟ. ಒಂದು ನಾನು ಕೇಳಿದ ಅಗಲದ್ದು. ಮುಷ್ಟಿಯೊಳಗೆ ಮುಚ್ಚಿಹೋಗುವಂಥದ್ದು, ಬಣ್ಣ ಹೋದದ್ದು. ಇನ್ನೊಂದು ನಾನು ಕೇಳದೆ ಇದ್ದದ್ದು, ಉದ್ದದ ಜೂಮ್. ಮೊಳಕೈಯಷ್ಟು ಉದ್ದ, ಕರ್ರಗೆ ಮಿಂಚುತ್ತಿತ್ತು. ಬೆಲೆ ಎರಡಕ್ಕೂ ಹೆಚ್ಚುಕಡಿಮೆ ಒಂದೇ. ಸುಮ್ಮನೆ ನೋಡೋಣ ಎಂದು ಜೂಮನ್ನು ಕ್ಯಾಮೆರಾಕ್ಕೆ ಹಾಕಿ ಬೀದಿಯ ಕಡೆ ತಿರುಗಿಸಿದೆ. ದೂರದ ಮಾಳಿಗೆಯ ಮೇಲಿನ ಪಾರಿವಾಳದ ಕಣ್ಣು ಕಂಡಿತು. ಅಲ್ಲಿಗೆ ನನ್ನ ಕಥೆ ಮುಗಿಯಿತು. ಬೀಳಗಿಯ ಹೊಳೆದಂಡೆಗೆ ಚಳಿಗಾಲದಲ್ಲಿ ಬರುವ ಕೊಕ್ಕರೆಗಳೆಲ್ಲ ಒಮ್ಮೆಲೇ ಕಣ್ಣೆದುರು ರೆಕ್ಕೆ ಬಡಿದವು.

ಮುದುಕ ಮರಾಠಿಯಲ್ಲಿ ನಿಧಾನಕ್ಕೆ ಹೇಳಿದ: ಉದ್ದದ್ದು ಸಂಜೆಯವರೆಗೂ ಉಳಿಯುವುದಿಲ್ಲ, ಇಬ್ಬರು ಕೇಳಿ ಹೋಗಿದ್ದಾರೆ. ಅಗಲದ್ದನ್ನು ಯಾರೂ ಮುಟ್ಟುವುದಿಲ್ಲ, ಬರುವ ವರ್ಷ ಬಂದರೂ ಇದೇ ಕಪಾಟಿನಲ್ಲಿ ಇರುತ್ತದೆ.

ಮಾಲೀಕನ ಮೇಲೆ ತಪ್ಪು ಹೊರಿಸಲಾರೆ. ನನಗೆ ಬರುವ ವರ್ಷದ ಮೇಲೆ ಅಷ್ಟು ನಂಬಿಕೆ ಬರಲು ಕಾರಣ ಬೇರೆಯೇ ಇತ್ತು. ಆ ದಂಡೆಯ ಊರುಗಳಿಗೆ ನೀರು ಬರುತ್ತದೆ ಎಂಬ ಮಾತು ನಾನು ಚಡ್ಡಿ ಹಾಕುತ್ತಿದ್ದಾಗಿನಿಂದ ಇತ್ತು. ನೋಟಿಸು ಬರುತ್ತಿತ್ತು, ಸಾಹೇಬರು ಬರುತ್ತಿದ್ದರು, ನೀರು ಬರುತ್ತಿರಲಿಲ್ಲ. ಅಲ್ಲಿ ಕೈಗಡ ಕೇಳಿದವನಿಗೆ "ನೀರ ಬಂದಾಗ ಕೊಡತೇನಿ ತಗೋ" ಎಂದರೆ ಯಾವತ್ತೂ ಇಲ್ಲ ಎಂದೇ ಎಲ್ಲರೂ ತಿಳಿಯುತ್ತಿದ್ದರು. ಮುಳುಗುವ ಮನೆಗೇಕೆ ಸುಣ್ಣ ಎಂದು ಗೋಡೆ ಹಾಗೇ ಬಿಟ್ಟವರು, ಬರದ ನೀರಿಗೇಕೆ ಗಂಟುಮೂಟೆ ಎಂದು ಅಲ್ಲೇ ಕೂತವರು, ಇಬ್ಬರೂ ಒಂದೇ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕುತ್ತಿದ್ದರು. ಶಾಲೆಯ ರಜೆಗೆ ಅತ್ತೆಯ ಮನೆಗೆ ಬರುತ್ತ ನಾನೂ ಆ ಕಟ್ಟೆಯ ಮೇಲೆ ಬೆಳೆದವನೇ. ಮನೆ ಎಲ್ಲಿಗೂ ಓಡಿಹೋಗುವುದಿಲ್ಲ ಎಂದುಕೊಂಡೆ. ಜೂಮ್ ಕಟ್ಟಿಸಿಕೊಂಡು ಬಂದೆ.

ಚಳಿಗಾಲವಿಡೀ ಹಕ್ಕಿಗಳ ಬೆನ್ನು ಹತ್ತಿದೆ. ಚಿಕ್ಕಪಡಸಲಗಿಯ ಬ್ಯಾರೇಜಿನ ಮೇಲೆ ಹೊಟ್ಟೆಯ ಮೇಲೆ ಮಲಗಿ ತೆಗೆದ ಒಂದು ಕೊಕ್ಕರೆಯ ಚಿತ್ರಕ್ಕೆ ಮುಧೋಳದಲ್ಲಿ ಒಂದು ಸಣ್ಣ ಬಹುಮಾನವೂ ಬಂತು. ನಾಚಿಕೆ ಬಿಟ್ಟು ಹೇಳುತ್ತೇನೆ, ಆ ದಿನ ನನಗೆ ಖುಷಿಯೇ ಆಗಿತ್ತು. ಚಿತ್ರವನ್ನು ಅತ್ತೆಗೆ ತೋರಿಸಲು ಒಯ್ದೆ, ಬೈಸಿಕೊಳ್ಳಲು ತಯಾರಾಗಿಯೇ. ಅವಳು ಬೈಯಲಿಲ್ಲ. ಕೊಕ್ಕರೆಯನ್ನು ಬಹಳ ಹೊತ್ತು ನೋಡಿ, "ಛಲೋ ಬಂದೈತಿ," ಎಂದಳು. "ಆದರ ಇದು ನಾಳೆನೂ ಬರತೈತಿ."

ಅದು ಸಂಕ್ರಾಂತಿಯ ಹೊತ್ತು. ಬೇಸಿಗೆಗೆ ನೋಟಿಸು ಬಂತು. ಎಂದಿನಂತೆ ಕಟ್ಟೆಯ ಮೇಲೆ ನಗೆಯಾಯಿತು. ಆಮೇಲೆ ಯಾರೋ ಒಬ್ಬರು ಮಾಳಿಗೆಯ ಮಣ್ಣು ತೆಗೆದು ತೊಲೆ ಇಳಿಸಿದರು. ಕಟ್ಟಿಗೆ ನೀರುಪಾಲಾಗಬಾರದು, ಹೊಸ ಮನೆಗೆ ಬೇಕು ಎಂದು. ಒಬ್ಬರು ಇಳಿಸಿದ್ದೇ ತಡ, ಊರೇ ಸುತ್ತಿಗೆ ಹಿಡಿಯಿತು. ನನಗೆ ಸುದ್ದಿ ಮುಟ್ಟಿದಾಗ ಬ್ಯಾಂಕಿನಲ್ಲಿ ಮಾರ್ಚಿನ ವರ್ಷಾಂತ್ಯದ ಕೆಲಸ, ರಜೆ ಸಿಗಲಿಲ್ಲ. ಅಗಲದ ಲೆನ್ಸ್ ಎರವಲು ಸಿಗುವುದೇ ಎಂದು ಜಮಖಂಡಿ, ರಬಕವಿಯ ಸ್ಟುಡಿಯೋಗಳಲ್ಲೆಲ್ಲ ಕೇಳಿದೆ. ಇದ್ದವರು ಕೊಡಲಿಲ್ಲ, ಕೊಡುವವರ ಬಳಿ ಇರಲಿಲ್ಲ. ಹತ್ತು ದಿನದ ಮೇಲೆ ಆ ಹಳೆಯ ಐವತ್ತರ ಲೆನ್ಸನ್ನೇ ಹಾಕಿಕೊಂಡು ಬಸ್ಸು ಹತ್ತಿದೆ. ಅಂಟಿಸಿಯಾದರೂ ಕೊಡೋಣ, ಈ ಸಲ ಗೆರೆ ಗೋಡೆಯ ಮೇಲೆ ಬರುವ ಹಾಗೆ ನೋಡಿಕೊಳ್ಳೋಣ ಎಂದು.

ಓಣಿಗೆ ತಿರುಗಿದವನು ಗುರುತು ಹತ್ತದೆ ನಿಂತೆ. ಎದುರಿನ ದನದ ಕೊಟ್ಟಿಗೆ ಇರಲಿಲ್ಲ. ಅದರ ಹಿಂದಿನ ಮನೆಯೂ ಇರಲಿಲ್ಲ. ಹೊಳೆಯತನಕ ಬಯಲು. ಹವ್ಯಾಸದವನ ಬುದ್ಧಿ ನೋಡಿ, ನನಗೆ ಮೊದಲು ಹೊಳೆದದ್ದು ಜಾಗ ಸಿಕ್ಕಿತು ಎಂದು. ಹೊಸ ಲೆನ್ಸೇ ಬೇಡ. ಇಪ್ಪತ್ತು ಹೆಜ್ಜೆ ಹಿಂದೆ ಸರಿದರೆ ಇದೇ ಲೆನ್ಸಿನಲ್ಲಿ ಇಡೀ ಮನೆ. ಮಣ್ಣಿನ ಗುಡ್ಡೆಗಳನ್ನು ದಾಟುತ್ತ ಹಿಂದೆ ಹಿಂದೆ ಹೋಗಿ, ತಿರುಗಿ, ಕ್ಯಾಮೆರಾ ಕಣ್ಣಿಗೆ ಹಿಡಿದೆ.

ಎಲ್ಲವೂ ಬಂತು. ಎರಡು ಕಟ್ಟೆ, ಮಾಳಿಗೆಯ ಅಂಚು, ಮೇಲಿನ ಕಿಟಕಿ ಇದ್ದ ತೂತು. ನಡುವೆ ಬಾಗಿಲು ಇದ್ದಲ್ಲಿ ಒಂದು ದೊಡ್ಡ ಬಾಯಿ. ಚೌಕಟ್ಟನ್ನು ಹಿಂದಿನ ದಿನವಷ್ಟೇ ಕಿತ್ತು ಟ್ರ್ಯಾಕ್ಟರಿಗೆ ಹಾಕಿ ಕಳಿಸಿದ್ದರು. ಅತ್ತೆ ಒಳಗಿನಿಂದ ಬಂದು ಆ ಬಾಯಿಯಲ್ಲಿ ನಿಂತಳು. ದಿನದ ಸೀರೆ, ಮೈಯೆಲ್ಲ ಧೂಳು. ನಾನು ಕಿಂಡಿಯಿಂದ ಕಣ್ಣು ತೆಗೆಯಲಿಲ್ಲ. ಬೆರಳು ಗುಂಡಿಯ ಮೇಲಿತ್ತು.

ಅವಳು ಕೈಯಾಡಿಸಿ ಬೇಡ ಎಂದಳು. ನಾನು ಹತ್ತಿರ ಹೋದೆ.

"ತಗೀಬ್ಯಾಡಪಾ. ಹಲ್ಲು ಕಿತ್ತ ಮಾರೀದು ಯಾರರೆ ಫೋಟೋ ತಗಸ್ತಾರೇನು?"

ತೆಗೆಯಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಕ್ಯಾಮೆರಾ ಚೀಲಕ್ಕೆ ಹಾಕಿ, ಅವಳ ಜೊತೆ ಗಡಿಗೆ, ಹಂಡೆ, ಒಳಕಲ್ಲು ಹೊರಗೆ ಇಡುತ್ತ ಸಂಜೆ ಮಾಡಿದೆ. ಅಷ್ಟು ಬಿಟ್ಟರೆ ನನ್ನಿಂದ ಬೇರೇನೂ ಆಗುವಂತಿರಲಿಲ್ಲ. ಆ ಮಳೆಗಾಲ ನೀರು ಬಂತು. ಬಂದದ್ದು ಹೋಗಲಿಲ್ಲ.

ಮುಂದಿನ ದೀಪಾವಳಿಗೆ ಕೊಲ್ಹಾಪುರಕ್ಕೆ ಹೋದೆ. ಮುದುಕ ಹೇಳಿದ್ದು ಖರೆ. ಅಗಲದ ಲೆನ್ಸ್ ಅದೇ ಕಪಾಟಿನಲ್ಲಿ, ಅದೇ ಜಾಗದಲ್ಲಿ ಕೂತಿತ್ತು, ಮೇಲೆ ಒಂದು ವರ್ಷದ ಧೂಳು. ಯಾರೂ ಮುಟ್ಟಿರಲಿಲ್ಲ. ಬೆಲೆಯನ್ನೂ ಇಳಿಸಿ ಕೊಟ್ಟ. ಕೊಂಡುಬಿಟ್ಟೆ. ಮಾತು ಕೊಟ್ಟಿದ್ದೆನಲ್ಲ, ಅದಕ್ಕಿರಬೇಕು.

ಅದನ್ನು ಹಾಕಿಕೊಂಡು ಅತ್ತೆಯ ಹೊಸ ಊರಿಗೆ ಹೋದೆ. ಗುಡ್ಡದ ಮೇಲಿನ ಪುನರ್ವಸತಿ ಕೇಂದ್ರ. ಗೆರೆ ಎಳೆದಂತೆ ಓಣಿಗಳು, ಒಂದೊಂದರಲ್ಲೂ ಎರಡು ಲಾರಿ ಜೋಡಿಯಾಗಿ ಹೋಗುವಷ್ಟು ಅಗಲ, ಎದುರಿಗೆ ಖಾಲಿ ಪ್ಲಾಟು. ಅತ್ತೆಯ ಮನೆ ಎರಡು ಕೋಣೆಯದು. ಬಾಗಿಲಿಗೆ ಅದೇ ಚೌಕಟ್ಟು ಕೂಡಿಸಿದ್ದರು. ಹೊಸ ಗೋಡೆ ಗಿಡ್ಡ, ಚೌಕಟ್ಟು ಎತ್ತರ, ಹೀಗಾಗಿ ಬಡಿಗ ಎರಡೂ ಕಾಲು ಒಂದೊಂದು ಮೊಳ ಕೊಯ್ದಿದ್ದ. ಮೇಲಿನ ಗಿಳಿಗಳು ಈಗ ಕೈಗೆ ಎಟುಕುತ್ತಿದ್ದವು.

ನಾನು ಲೆನ್ಸ್ ತೋರಿಸಿದೆ. ಅತ್ತೆ ಅದನ್ನು ಅಂಗೈಯಲ್ಲಿ ಇಟ್ಟುಕೊಂಡು, ಇಷ್ಟೇ ಇದೆಯಲ್ಲ ಎಂದಳು. ಒಳಗೆ ಹೋಗಿ ಆ ರೇಷ್ಮೆ ಸೀರೆ ಉಟ್ಟು ಬಂದು, ತಲೆ ತುಸು ಬಗ್ಗಿಸಿ ಹೊಸ್ತಿಲಲ್ಲಿ ನಿಂತಳು. ನಾನು ಕಿಂಡಿಯಲ್ಲಿ ನೋಡುತ್ತ ಅಲ್ಲೇ ತಡೆದೆ. ಜಾಗ ಸಾಲುತ್ತಿಲ್ಲ ಎಂದುಕೊಂಡಳೋ ಏನೋ.

"ಸರಿ, ಹಿಂದ ಸರಿ," ಎಂದಳು. "ಈಗ ಎಷ್ಟ ಬೇಕಾದರೂ ಸರೀಬಹುದು."

ನಾನು ಹಿಂದೆ ಸರಿದೆ, ಇನ್ನೂ ಸರಿದೆ. ಬೆನ್ನಿಗೆ ಏನೂ ತಾಗಲಿಲ್ಲ.