ಸಕ್ಕರೆ ಹಾಕದ ಟೀ

ನನ್ನ ಗಂಡ ಸತ್ಯಮಂಗಲದಿಂದ ತಾಳವಾಡಿಗೆ ಬರುವ ಖಾಸಗಿ ಬಸ್ಸಿನ ಡ್ರೈವರಾಗಿದ್ದರು. ನಾನು ತಾಳವಾಡಿಯ ಕನ್ನಡ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತಿದ್ದೆ. ನಮಗೆ ಮಕ್ಕಳಾಗಲಿಲ್ಲ. ಎಪ್ಪತ್ತರ ದಶಕದ ನಡುವಿನಲ್ಲಿ, ಅವರಿಗೆ ನಲವತ್ತು ತುಂಬುವ ಹೊತ್ತಿಗೆ, ಅಂಗಿಯ ಕಾಲರು ಕತ್ತಿನ ಸುತ್ತ ಸಡಿಲವಾಗತೊಡಗಿತು. ಘಾಟಿ ಹತ್ತುವಾಗ ಎರಡು ಕಡೆ ಬಸ್ಸು ನಿಲ್ಲಿಸಿ ಮರದ ಮರೆಗೆ ಹೋಗಿಬರುತ್ತಿದ್ದರಂತೆ. ಘಾಟಿಯ ತುದಿಯ ದಿಂಬಂ ತಲುಪಿದರೆ ಟೀ ಅಂಗಡಿಯಲ್ಲಿ ಒಂದು ಚೊಂಬು ನೀರು ಕುಡಿದು, ಬಾಯಿ ಒರೆಸುವ ಮೊದಲೇ ಇನ್ನೊಂದು ಕೇಳುತ್ತಿದ್ದರಂತೆ.

ಸತ್ಯಮಂಗಲದ ಡಾಕ್ಟರು ಸಕ್ಕರೆ ಕಾಯಿಲೆ ಅಂದರು. ದಿನಕ್ಕೊಂದು ಮಾತ್ರೆ ಬರೆದುಕೊಟ್ಟರು. ಇದು ವಾಸಿಯಾಗುವುದಲ್ಲ, ಹಿಡಿತದಲ್ಲಿ ಇಟ್ಟುಕೊಳ್ಳಬೇಕಾದದ್ದು, ಅರ್ಧ ಹಿಡಿತ ನಿಮ್ಮ ಅಡುಗೆಮನೆಯಲ್ಲಿದೆ ಎಂದು ನನ್ನ ಕಡೆ ನೋಡಿ ಹೇಳಿದರು. ಆ ಮಾತನ್ನು ನಾನು ಬೇಕಾದ್ದಕ್ಕಿಂತ ಹೆಚ್ಚು ಗಟ್ಟಿಯಾಗಿ ಹಿಡಿದುಕೊಂಡೆ.

ಊರಿಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ಅವರು ಅಂದದ್ದು ಇಷ್ಟೇ: "ಯಾರ್ಗೂ ಏಳ್ಬ್ಯಾಡ ಕಣಮ್ಮಿ. ಗೊತ್ತಾದ್ರೆ ಮೊದಲಾಳಿ ನನ್ನ ಬಸ್ಸಿಂದ ಇಳಿಸ್ಬುಡ್ತನೆ."

ಮೊದಲಾಳಿ ಎಂದರೆ ಬಸ್ಸಿನ ಮಾಲೀಕರು. ನಾನು ಒಪ್ಪಿದೆ.

ಅವರು ದೊಡ್ಡಗಾಜನೂರಿನವರು. ಮೂರು ಹೊತ್ತೂ ರಾಗಿ ತಿಂದು ಬೆಳೆದವರು. ಸಂಬಳ ಕೈಗೆ ಬಂದ ಮೇಲೆ ಮನೆಯಲ್ಲಿ ಅನ್ನವೇ ಆಗಬೇಕೆಂದು ಹಟ ಹಿಡಿದಿದ್ದರು. ಈಗ ನಾನು ಮತ್ತೆ ಮುದ್ದೆ ಬಡಿಸತೊಡಗಿದಾಗ ತಟ್ಟೆ ನೋಡಿ ನಕ್ಕರು. "ನಾನು ಡ್ರೈವರಾಗಿದ್ದೇ ಈ ಮುದ್ದೆ ಬುಡಾಕೆ ಕಣಮ್ಮಿ" ಅಂದರು. ಆದರೂ ತಿಂದರು. ಮುದ್ದೆಯೂ ಒಂದೇ, ಅದೂ ಚಿಕ್ಕದು. ಹುರುಳಿ ಸಾರು, ನುಗ್ಗೆ ಸೊಪ್ಪು, ಹಾಗಲಕಾಯಿ. ಅನ್ನ ಒಂದು ಸಣ್ಣ ಬಟ್ಟಲು, ಅದೂ ಮಧ್ಯಾಹ್ನ ಮಾತ್ರ. ನಸುಕಿನಲ್ಲಿ ರಸ್ತೆಯ ಮೇಲೆ ಆನೆ ಇರುತ್ತಿದ್ದುದರಿಂದ ನಡಿಗೆಗೆ ಅಲ್ಲಿ ಹೋಗುವಂತಿರಲಿಲ್ಲ. ರಜದ ದಿನ ಬಿಸಿಲು ಏರಿದ ಮೇಲೆ ಶಾಲೆಯ ಬಯಲನ್ನು ಇಪ್ಪತ್ತು ಸುತ್ತು ಹಾಕುತ್ತಿದ್ದರು.

ಮೂತ್ರದ ಪರೀಕ್ಷೆ ಮಾಡುವುದನ್ನು ನಾನೇ ಕಲಿತೆ. ಗಾಜಿನ ಕೊಳವೆಯಲ್ಲಿ ನೀಲಿ ದ್ರಾವಣ ಹಾಕಿ, ಅದಕ್ಕೆ ಎಂಟು ಹನಿ ಬಿಟ್ಟು, ಸ್ಪಿರಿಟ್ ದೀಪದ ಮೇಲೆ ಕುದಿಸಬೇಕು. ನೀಲಿಯಾಗಿಯೇ ಉಳಿದರೆ ಒಳ್ಳೆಯದು. ಹಸಿರು, ಹಳದಿ, ಕೊನೆಗೆ ಇಟ್ಟಿಗೆಯ ಕೆಂಪು ಬಂದರೆ ಕೆಟ್ಟದ್ದು. ಮೊದಲ ಆರು ತಿಂಗಳು ಕಷ್ಟಪಟ್ಟೆವು. ಆಮೇಲೆ ಮೂರು ವರ್ಷ ನೀಲಿ ಕದಲಲಿಲ್ಲ. ಅವರು ಹಲ್ಲುಜ್ಜುತ್ತಾ ಹಿತ್ತಲಿನಿಂದಲೇ ಏನಾಯಿತೆಂದು ಕೇಳುವರು, ನಾನು ನೀಲಿ ಎನ್ನುವೆ. ನಮ್ಮ ಮದುವೆಯ ಒಳ್ಳೆಯ ವರ್ಷಗಳು ಯಾವುವೆಂದು ಕೇಳಿದರೆ ಅವೇ ಎನ್ನುತ್ತೇನೆ.

ಹೊರಗೆ ಅವರು ಒಂದು ಸುಳ್ಳು ಹೇಳಿಕೊಂಡಿದ್ದರು. ಮಕ್ಕಳಾಗಲೆಂದು ಸಿಹಿ ಬಿಟ್ಟಿದ್ದೇನೆ, ಹರಕೆ, ಎಂದು. ದಿಂಬಂನ ಟೀ ಅಂಗಡಿಯವನು ಅದನ್ನು ನಂಬಿ ಡ್ರೈವರಣ್ಣನಿಗೆ ಬೇರೆ ಲೋಟದಲ್ಲಿ ಸಕ್ಕರೆ ಹಾಕದ ಟೀ ಕೊಡುತ್ತಿದ್ದ. ಊರಿನ ಹೆಂಗಸರು ಆ ಹರಕೆಗಾಗಿ ನನ್ನನ್ನು ಕನಿಕರದಿಂದ ನೋಡುತ್ತಿದ್ದರು.

ಎಂಬತ್ತರ ಹೊತ್ತಿಗೆ ಕೊಳವೆಯ ಬಣ್ಣ ಹಸಿರಾಯಿತು. ಕೆಲವು ವಾರಗಳಲ್ಲಿ ಹಳದಿ. ನಾನು ಮುದ್ದೆಯನ್ನು ಇನ್ನೂ ಚಿಕ್ಕದು ಮಾಡಿದೆ, ಅನ್ನ ನಿಲ್ಲಿಸಿದೆ. ಒಂದು ಬೆಳಗ್ಗೆ ಇಟ್ಟಿಗೆ ಕೆಂಪು ಬಂತು. ಮನೆಯಲ್ಲಿ ತಪ್ಪಿಲ್ಲ, ಹಾಗಾದರೆ ತಪ್ಪು ಹೊರಗೆ ಎಂದು ತೀರ್ಮಾನಿಸಿದೆ. ಅವರ ಅಂಗಿಯ ಜೇಬು ತಡಕಿದೆ. ಊಟದ ಡಬ್ಬಿ ಮೂಸಿ ನೋಡಿದೆ. ಸುಳ್ಳು ಹೇಳುತ್ತೀರಿ ಎಂದು ಮುಖದ ಮೇಲೇ ಅಂದೆ.

"ನಿನ್ನಾಣೆ, ಏನೂ ತಿಂದಿಲ್ಲ" ಎಂದರು.

ನಾನು ನಂಬಲಿಲ್ಲ. ಐದು ತಿಂಗಳು ಹೀಗೇ ಹೋಯಿತು. ಡಾಕ್ಟರ ಹತ್ತಿರ ಹೋಗೋಣ ಎಂದು ಅವರು ಎರಡು ಸಲ ಅಂದರು. ಬಾಯಿ ಕಟ್ಟದವರಿಗೆ ಡಾಕ್ಟರು ಏನು ಮಾಡುತ್ತಾರೆ ಎಂದು ನಾನೇ ತಡೆದೆ.

ಒಂದು ಶನಿವಾರ ಅವರಿಗೆ ಹೇಳದೆ ಬೇರೆ ಬಸ್ಸು ಹಿಡಿದು ದಿಂಬಂಗೆ ಹೋದೆ. ಟೀ ಅಂಗಡಿಯವನು ಬೆಂಚು ಒರೆಸಿ ಕೂರಿಸಿದ. ನನ್ನ ಗಂಡ ಇಲ್ಲಿ ಏನೇನು ತಿನ್ನುತ್ತಾರೆಂದು ಕೇಳಿದೆ.

"ಟೀಚರಮ್ಮ, ಅಣ್ಣ ಸಕ್ಕರೆ ಮುಟ್ಟಿ ನಾಕು ವರ್ಸಾಯ್ತು. ಬನ್ನೂ ಮುಟ್ಟಕಿಲ್ಲ. ಅರಕೆ ಅಂದವ್ರಲ್ಲ. ಯಾಕ್ ಕೇಳ್ತೀರಿ?"

ಅವನ ಮುಖದಲ್ಲಿ ಸುಳ್ಳಿರಲಿಲ್ಲ. ನಾನು ಅಲ್ಲೇ ಅತ್ತುಬಿಟ್ಟೆ. ಅಳುತ್ತಾ ಎಲ್ಲವನ್ನೂ ಹೇಳಿದೆ, ಕಾಯಿಲೆಯ ಹೆಸರನ್ನೂ. ಅವನು ಕೆಟ್ಟವನಲ್ಲ. ಅಣ್ಣನಿಗೆ ದಾರಿಯಲ್ಲಿ ತಲೆ ಸುತ್ತು ಬಂದರೆ ನೋಡಿಕೊಳ್ಳಿ ಎಂದು ಒಬ್ಬ ಕಂಡಕ್ಟರಿಗೆ ಹೇಳಿದನಂತೆ. ಹತ್ತು ದಿನದಲ್ಲಿ ಮೊದಲಾಳಿ ನನ್ನ ಗಂಡನನ್ನು ಕರೆಸಿ, ಕಣ್ಣಿನ ಡಾಕ್ಟರ ಸರ್ಟಿಫಿಕೇಟು ತಂದರೆ ಮಾತ್ರ ಬಸ್ಸು ಎಂದರು.

ಕೊಯಮತ್ತೂರಿನಲ್ಲಿ ಕಣ್ಣು ನೋಡಿದರು. ಎರಡೂ ಕಣ್ಣಿನ ಹಿಂದೆ ರಕ್ತ ಜಿನುಗಿತ್ತು. ಕಪ್ಪು ಎಳೆಗಳು ಕಾಣುತ್ತಿರುವುದು ಎಷ್ಟು ದಿನದಿಂದ ಎಂದು ಡಾಕ್ಟರು ಕೇಳಿದರು. ಒಂದು ವರ್ಷದಿಂದ ಎಂದರು ಅವರು. ನನಗೆ ಅದು ಗೊತ್ತಿರಲಿಲ್ಲ. ನಾನು ಅವರ ಜೇಬನ್ನು ನೋಡಿದ್ದೆ, ಕಣ್ಣನ್ನು ನೋಡಿರಲಿಲ್ಲ.

ಪಥ್ಯ ಚೆನ್ನಾಗಿಯೇ ಮಾಡಿದ್ದೀರಿ ಎಂದು ಡಾಕ್ಟರು ನನಗೆ ಹೇಳಿದರು. ಎಷ್ಟೇ ಪಥ್ಯ ಮಾಡಿದರೂ ಕೆಲವರಲ್ಲಿ ಕಾಯಿಲೆ ತಾನಾಗಿ ಏರುತ್ತದೆ, ಮಾತ್ರೆ ಸಾಲದಾಗುತ್ತದೆ, ಬಣ್ಣ ಬದಲಾದಾಗಲೇ ಬರಬೇಕಿತ್ತು ಎಂದರು. ಅವರು ಬಯ್ಯುವ ದನಿಯಲ್ಲಿ ಹೇಳಲಿಲ್ಲ. ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ.

ಆಮೇಲೆ ಇಂಜೆಕ್ಷನ್ನು ಶುರುವಾಯಿತು. ಔಷಧಿಯ ಸೀಸೆಯನ್ನು ಒದ್ದೆ ಮರಳು ತುಂಬಿದ ಮಡಕೆಯಲ್ಲಿ ತಂಪಾಗಿ ಇಡುತ್ತಿದ್ದೆ. ಬಣ್ಣ ಮತ್ತೆ ನೀಲಿಯತ್ತ ಬಂತು. ಆದರೆ ಕಣ್ಣು ಬರಲಿಲ್ಲ. ಎರಡು ವರ್ಷದಲ್ಲಿ ಬೆಳಕು ಮತ್ತು ನೆರಳು ಮಾತ್ರ ಉಳಿಯಿತು. ಇಪ್ಪತ್ತೇಳು ತಿರುವುಗಳ ಘಾಟಿಯನ್ನು ಏರಿಳಿಸಿದ ಮನುಷ್ಯ ಹಿತ್ತಲಿಗೆ ಹೋಗಲು ಗೋಡೆ ಹಿಡಿಯುತ್ತಿದ್ದರು. ನಾನು ಶಾಲೆಗೆ ಹೋಗುವಾಗ ಅವರನ್ನು ಜಗಲಿಯಲ್ಲಿ ಕೂರಿಸಿ ಹೋಗುತ್ತಿದ್ದೆ. ಸಂಜೆ ಬಂದಾಗ ಅಲ್ಲೇ, ಹಾಗೇ ಇರುತ್ತಿದ್ದರು. ದಿಂಬಂನಲ್ಲಿ ನಾನು ಮಾಡಿದ್ದನ್ನು ಅವರು ಒಮ್ಮೆಯೂ ಎತ್ತಿ ಆಡಲಿಲ್ಲ. ನಾನೂ ಕ್ಷಮೆ ಕೇಳಲಿಲ್ಲ. ಇಂದು, ನಾಳೆ ಎಂದು ಮುಂದೂಡಿದೆ.

ಮೂತ್ರಪಿಂಡ ಕೆಡುವ ಹೊತ್ತಿಗೆ, ಕಾಲುಗಳು ಊದಿಕೊಂಡಿದ್ದ ಒಂದು ಮಧ್ಯಾಹ್ನ, ಅವರೇ ಮಾತು ತೆಗೆದರು.

"ಕಣ್ ಮಂಜಾದ್ ಮೇಲೂ ಒಂದ್ ವರ್ಸ ಜನಾನ ತುಂಬ್ಕಂಡು ಘಾಟಿ ಇಳಿಸ್ದೆ. ಬಸ್ಸು ಉರುಳಿದ್ರೆ ಏನ್ ಗತಿ? ನೀ ಓಗಿ ಏಳಿದ್ದೇ ಒಳ್ಳೇದಾಯ್ತು ಕಣಮ್ಮಿ."

ಅವರು ನನ್ನನ್ನು ಸಮಾಧಾನ ಮಾಡಲೆಂದೇ ಹಾಗಂದರು. ಆದರೆ ನಾನು ಬಸ್ಸಿನ ಜನರಿಗಾಗಿ ಅಲ್ಲಿಗೆ ಹೋಗಿರಲಿಲ್ಲ. ಗಂಡನನ್ನು ಕಳ್ಳನಂತೆ ಹಿಡಿಯಲು ಹೋಗಿದ್ದೆ. ಅದನ್ನು ಅವರಿಗೆ ಹೇಳಬೇಕೆಂದು ಬಾಯಿ ತೆರೆದೆ, ಹೇಳಲಾಗಲಿಲ್ಲ. ಆ ವರ್ಷ ಮಳೆಗಾಲಕ್ಕೆ ಮೊದಲೇ ಅವರು ಹೋದರು.